ಎಡಗೈ ಕೋವಿ

ರೆನೋವೊ, ಪೆನ್ಸಿಲ್ವೇನಿಯಾ
14 ಸೆಪ್ಟೆಂಬರ್ 1986

ಅಪ್ಪಾ,

ಕ್ರಿಸ್‌ಮಸ್ ಕಾರ್ಡು ಬಿಟ್ಟು ಬೇರೆ ಕಾಗದ ನನ್ನಿಂದ ಬಂತು ಅಂತ ಗಾಬರಿಯಾಗಬೇಡಿ. ಯಾರೂ ಸತ್ತಿಲ್ಲ. ನಾನು ಈಗಲೂ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ಹೋದ ವರ್ಷ ಸೇಡಿ ಅತ್ತೆ ಕಳಿಸಿದ ಕಿತ್ತಳೆ ಹಣ್ಣಿನ ಪೆಟ್ಟಿಗೆಯಲ್ಲಿ ಈಗ ಬೆಕ್ಕು ಮಲಗುತ್ತದೆ.

ಸುದ್ದಿ ಏನೆಂದರೆ, ಬೇಟೆ ಬಿಡಾರದವರು ನನ್ನನ್ನೂ ಸೇರಿಸಿಕೊಂಡಿದ್ದಾರೆ. ಪೆಟ್ರೋಲ್ ಬಂಕಿನಲ್ಲಿ ಎಲ್ವಿನ್ ಮಾಮ ಸಿಕ್ಕವರೇ, "ನೋಡಮ್ಮ ಅರ್ಲೀನ್, ಇಬ್ರು ಮಣ್ಣಿಗೆ ಹೋದ್ರು, ಒಬ್ಬನ ಮಂಡಿ ಹೋಯ್ತು, ನಿಮ್ಮಪ್ಪ ಫ್ಲಾರಿಡಾಕ್ಕೆ ಹೋದ. ಸೂರು ಸೋರ್ತಿದೆ, ಹತ್ತೋರು ಯಾರೂ ಇಲ್ಲ. ನೀನಾದ್ರೂ ಬಾ" ಅಂದರು. ಹೆಂಗಸರು ಒಳಗೆ ಬರಬಾರದು ಅಂತ ಬಾಗಿಲ ಮೇಲೆ ಬರೆದಿದೆಯಲ್ಲ ಮಾಮ ಅಂದೆ. "ಬರೆದೋನೇ ಸತ್ತ. ಉಳಿದೋರಿಗೆ ಕನ್ನಡಕ ಇಲ್ದೆ ಓದಕ್ಕೆ ಬರಲ್ಲ" ಅಂದರು.

ಕ್ರಿಸ್‌ಮಸ್ ಮಾರನೆಯ ದಿನ ಶುರುವಾಗುವ ಚಕಮಕಿ ಕೋವಿಯ ಬೇಟೆಗೆ ಹೋಗಬೇಕೆಂದಿದ್ದೇನೆ. ತೋಟಾ ಹಾಕುವ ಬಂದೂಕು ನನಗೆ ಅಭ್ಯಾಸ ಇದೆ. ಆದರೆ ಬಾಯಿಂದ ಮದ್ದು ತುಂಬಿ, ಕಲ್ಲಿನ ಕಿಡಿಯಿಂದ ಹೊಡೆಯುವ ಕೋವಿಯನ್ನು ಈ ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಮುಟ್ಟಿಲ್ಲ. ನಿಮ್ಮ ಕೈಯಲ್ಲಿ ನಲವತ್ತರ ಮೇಲೆ ಅಂಥ ಕೋವಿ ಆಗಿವೆ. ಜಿಂಕೆ ಬೇಟೆಗೆ ಮೊದಲ ಸಲ ಎಂಥದ್ದು ಕೊಳ್ಳಬೇಕು? ನೀವು ಹೇಳಿದ್ದನ್ನೇ ತರುತ್ತೇನೆ.

ಡಿಸೆಂಬರಿಗೆ ನೀವೂ ಬಂದರೆ ಚೆನ್ನಾಗಿತ್ತು. ಆರು ವರ್ಷ ಆಯಿತು. ಸುಮ್ಮನೆ ಬರೆದೆ.

ಅರ್ಲೀನ್

* * *

ಫ್ಲಾರಿಡಾ
29 ಸೆಪ್ಟೆಂಬರ್ 1986

ಮಗಳೇ,

ನಿನ್ನ ಕಾಗದ ಮೂರು ಸಲ ಓದಿದೆ. ನಿಮ್ಮತ್ತೆ ಇಣುಕಿ ನೋಡಿ, "ಏನೋ ಮಾಲನ್, ಲಾಟರಿ ಹೊಡೀತಾ?" ಅಂದಳು. ಹೌದು ಕಣೇ ಅಂದೆ. ಇಲ್ಲಿನ ಮುದುಕರಿಗೆ ಮೀನು ಬಿಟ್ಟರೆ ಬೇರೆ ಮಾತಿಲ್ಲ. ಕೋವಿ ಮಾತಾಡಿ ಎಷ್ಟು ಕಾಲವಾಗಿತ್ತು!

ಸರಿ, ಕೇಳು. ಅಂಗಡಿಯವನು ನಿನಗೆ ಮೊದಲು ಮರದ ಹೊಳಪು ತೋರಿಸುತ್ತಾನೆ, ಹಿತ್ತಾಳೆ ಕೆತ್ತನೆ ತೋರಿಸುತ್ತಾನೆ. ಅದಕ್ಕೆ ಮರುಳಾಗಬೇಡ. ಕಲ್ಲು ಕಚ್ಚಿಕೊಂಡಿರುತ್ತದಲ್ಲ, ಆ ಕುದುರೆಯನ್ನು ಎಳೆದು ಖಾಲಿ ಹೊಡೆದು ನೋಡು. ಹತ್ತಕ್ಕೆ ಹತ್ತು ಸಲವೂ ಕಿಡಿ ಮದ್ದಿನ ಬಟ್ಟಲೊಳಗೇ ಬೀಳಬೇಕು. ಏಳು ಸಲ ಬಿದ್ದು ಮೂರು ಸಲ ಅತ್ತಿತ್ತ ಹಾರಿದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಆಚೆ ಬಾ. ಐವತ್ತರ ಅಳತೆಯ ಗುಂಡು ತಗೋ. ಅದಕ್ಕಿಂತ ಚಿಕ್ಕದರಲ್ಲೂ ಜಿಂಕೆ ಬೀಳುತ್ತದೆ, ಆದರೆ ಎಲ್ಲೋ ಹೋಗಿ ಬೀಳುತ್ತದೆ, ಪಾಪ. ನಳಿಗೆಯ ಒಳತಿರುಪು ನಿಧಾನದ್ದಿರಲಿ, ದುಂಡನೆಯ ಗುಂಡಿಗೆ ಅದೇ ಒಗ್ಗುವುದು. ಮೊಣಕೈ ಮಡಿಸಿ, ಆ ಮಡಿಕೆಯಿಂದ ಬೆರಳಿನವರೆಗೆ ಅಳೆದು ಹಿಡಿಯ ಉದ್ದ ನೋಡು.

ಕೊನೆಗೆ ಬೆಂಕಿತೂತು. ಬಟ್ಟಲಿನ ಬೆಂಕಿ ನಳಿಗೆಯೊಳಕ್ಕೆ ನುಗ್ಗುವುದು ಆ ಸಣ್ಣ ತೂತಿನಿಂದ. ಅದು ಸರಿಯಾದ ಜಾಗದಲ್ಲಿದ್ದರೆ ಕಲ್ಲು ಬಡಿದದ್ದು, ಗುಂಡು ಹಾರಿದ್ದು ಎರಡೂ ಒಂದೇ. ತಪ್ಪು ಜಾಗದಲ್ಲಿದ್ದರೆ ನಡುವೆ ಒಂದು ಉಸಿರಿನಷ್ಟು ತಡ, ಅಷ್ಟರಲ್ಲಿ ಜಿಂಕೆ ಮಂಗಮಾಯ. ಕೆಲವರು ಮದ್ದು ತುಂಬುವಾಗ ಆ ತೂತಿಗೆ ಹಕ್ಕಿಗರಿಯ ದಂಟು ಸಿಕ್ಕಿಸುತ್ತಾರೆ, ಮದ್ದು ಒಳಗೆ ತುಂಬಿ ಕಟ್ಟಿಕೊಳ್ಳದಿರಲಿ ಅಂತ. ತುಂಬಿದ ಮೇಲೆ ಕೀಳುತ್ತಾರೆ. ಗರಿ ಬೇಕಾಗುವ ಕೋವಿ ಕೊಳ್ಳಬೇಡ. ನಮ್ಮ ಕಸುಬಿನಲ್ಲಿ ಗರಿ ಇಡುವುದೆಂದರೆ ಕೋವಿ ಮಾಡಿದವನ ಮುಖಕ್ಕೆ ಉಗಿದ ಹಾಗೆ.

ಗುಂಡನ್ನು ನಳಿಗೆಯೊಳಕ್ಕೆ ದೂಡುವ ಗಜದ ಕೋಲಿನ ಮೇಲೆ ಎರಡು ಗೀಟು ಹಾಕಿಕೋ, ಖಾಲಿ ನಳಿಗೆಗೆ ಒಂದು, ತುಂಬಿದ್ದಕ್ಕೆ ಒಂದು. ಇಳಿಸಿ ನೋಡದೆ ಯಾವ ಕೋವಿಯನ್ನೂ ಖಾಲಿ ಅಂತ ನಂಬಬೇಡ.

ಅಯ್ಯೋ, ಮುಖ್ಯವಾದದ್ದನ್ನೇ ಮರೆತೆ. ನೀನು ಎಡಚಿ. ಬಲಗೈ ಕೋವಿಯನ್ನು ಎಡಭುಜಕ್ಕಿಟ್ಟರೆ ಬಟ್ಟಲಿನ ಬೆಂಕಿ ಕಣ್ಣೆದುರಿಗೇ ಏಳುತ್ತದೆ. ಎಡಗೈಯವರದ್ದೇ ಹುಡುಕು. ಸಿಗುವುದು ಕಷ್ಟ.

ಅಪ್ಪ

* * *

ರೆನೋವೊ
12 ಅಕ್ಟೋಬರ್ 1986

ಅಪ್ಪಾ,

ಮೂರು ಅಂಗಡಿ ಸುತ್ತಿದೆ. ಮೊದಲನೆಯವನು "ಯಜಮಾನ್ರಿಗಾಮ್ಮಾ?" ಅಂದ. ಯಜಮಾನರು ಇನ್ನೂ ಹುಟ್ಟಿಲ್ಲ, ನನಗೇ ಅಂದೆ. ನೀವು ಹೇಳಿದಂತೆ ಹೊಡೆದು ನೋಡುತ್ತಾ ಹೋದೆ. ಒಂದರಲ್ಲಿ ಹತ್ತಕ್ಕೆ ನಾಲ್ಕು ಬಿತ್ತು. ಇನ್ನೊಂದರಲ್ಲಿ ಒಂಬತ್ತು. ಆ ಅಂಗಡಿಯವನು ಬೆವರು ಒರೆಸಿಕೊಂಡು, "ಯಾರಮ್ಮ ನಿನಗೆ ಇದೆಲ್ಲ ಹೇಳಿಕೊಟ್ಟೋರು?" ಅಂದ. ಮಾಲನ್ ಕಾನ್ಫರ್ ಮಗಳು ನಾನು ಅಂದೆ. ಅವನು ಎದ್ದು ನಿಂತು ಕೈಕುಲುಕಿದ. ನಿಮಗೆ ಇದು ಗೊತ್ತಾಗಲಿ ಅಂತ ಬರೆದೆ.

ಆದರೆ ಎಲ್ಲವೂ ಬಲಗೈಯವೇ. ಎಡಗೈಯದು ಮಾಡಿಸಬೇಕೆಂದರೆ ಎರಡು ವರ್ಷ ಕಾಯಬೇಕಂತೆ.

ಈ ಜಿಲ್ಲೆಯಲ್ಲಿ ಎಡಗೈಯ ಚಕಮಕಿ ಕೋವಿ ಒಂದೇ ಇರುವುದು. ಅದು ಎಲ್ಲಿ ತೂಗುಹಾಕಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಳತೆಯೂ ಸರಿಹೋಗುತ್ತದೆ. ಅಣ್ಣ ವಾರೆನ್‌ನ ಕೋಟು ಈಗ ನಾನೇ ಹಾಕಿಕೊಳ್ಳುವುದು, ತೋಳು ಚೂರೂ ಮಡಿಸಬೇಕಿಲ್ಲ.

ಅರ್ಲೀನ್

* * *

ಫ್ಲಾರಿಡಾ
3 ನವೆಂಬರ್ 1986

ಅರ್ಲೀನ್,

ಒಹಾಯೊದಲ್ಲಿ ಒಬ್ಬರಿದ್ದಾರೆ, ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ. ನನ್ನ ಹೆಸರು ಹೇಳಿದರೆ ಬೇಗ ಮಾಡಿಕೊಟ್ಟಾರು. ಈ ವರ್ಷ ಆಗದಿದ್ದರೆ ಮುಂದಿನ ವರ್ಷ. ಜಿಂಕೆಗಳು ಎಲ್ಲಿಗೂ ಓಡಿಹೋಗುವುದಿಲ್ಲ.

ಆ ಇನ್ನೊಂದು ಕೋವಿಯ ಮಾತು ಬೇಡ. ಅದು ಇರುವಲ್ಲೇ ಇರಲಿ.

ಇಲ್ಲಿ ಸೆಕೆ ಇನ್ನೂ ಇಳಿದಿಲ್ಲ.

ಅಪ್ಪ

* * *

ರೆನೋವೊ
16 ನವೆಂಬರ್ 1986

ಅಪ್ಪಾ,

ಇರುವಲ್ಲೇ ಇರಲಿ ಅಂದಿರಿ. ಸರಿ. ಯಾಕೆ ಅಂತ ನೀವು ಬರೆಯಲಿಲ್ಲ, ನಾನೇ ಬರೆಯುತ್ತೇನೆ. ಹೆಣ್ಣು ಅಂತ ತಾನೇ?

ವಾರೆನ್‌ಗೆ ಹನ್ನೆರಡು ತುಂಬಿದ ದಿನ ನೀವು ಅವನಿಗೆ ಬೇಟೆಯ ಕೋಟು, ಚಾಕು ಕೊಟ್ಟಿರಿ. ಕಾಡಿಗೆ ಕರೆದುಕೊಂಡು ಹೋದಿರಿ. ನನಗೆ ಹನ್ನೆರಡು ತುಂಬಿದಾಗ ಅಮ್ಮ ಹೊಲಿದ ಏಪ್ರನ್ ಬಂತು. ಅಣ್ಣನ ಮೇಲೆ ನನಗೆ ಒಂದು ದಿನಕ್ಕೂ ಹೊಟ್ಟೆಕಿಚ್ಚಾಗಲಿಲ್ಲ, ಯಾಕೆಂದರೆ ನೀವು ಕಲಿಸಿದ್ದನ್ನೆಲ್ಲ ಅವನು ಕಟ್ಟಿಗೆ ಮನೆಯ ಹಿಂದೆ ನಿಂತು ನನಗೆ ಕಲಿಸುತ್ತಿದ್ದ. ಚಕಮಕಿ ಕೋವಿಯೊಂದು ಬಾಕಿ ಇತ್ತು. "ಮುಂದಿನ ಚಳಿಗಾಲಕ್ಕೆ ಕಲಿಸ್ತೀನಿ ಕಣೇ" ಅಂದಿದ್ದ. ಮುಂದಿನ ಚಳಿಗಾಲಕ್ಕೆ ಅವನೇ ಇರಲಿಲ್ಲ.

ಹೋದ ತಿಂಗಳು ಸೂರು ಸರಿಮಾಡಲು ಬಿಡಾರಕ್ಕೆ ಹೋಗಿದ್ದೆ. ಗುರಿ ತಪ್ಪಿದವರ ಅಂಗಿಯ ಚುಂಗು ಕತ್ತರಿಸಿ, ಹೆಸರು ತಾರೀಕು ಬರೆದು ಮೊಳೆ ಹೊಡೆಯುವ ಗೋಡೆ ಇದೆಯಲ್ಲ, ಅದನ್ನು ಮೊದಲ ಸಲ ಕಂಡೆ. ಎಲ್ಲರದೂ ನಾಲ್ಕೈದು ತುಂಡು ಇವೆ. ವಾರೆನ್‌ದು ಒಂದೇ. ನೀಲಿ ಚೌಕಳಿ. 29 ಡಿಸೆಂಬರ್ 1980. ಅಕ್ಷರ ನಿಮ್ಮದು. ಮಾರನೆಯ ದಿನ ಅವನು ನೀರಿಗೆ ಬಿದ್ದದ್ದು. ಆ ಚೂರನ್ನಾದರೂ ಕಿತ್ತಿಟ್ಟುಕೊಳ್ಳದೆ ಹೇಗಪ್ಪಾ ಹೋದಿರಿ?

ಅವನ ಕೋವಿ ಬಿಡಾರದ ಬಾಗಿಲ ಮೇಲೆ ಧೂಳು ತಿನ್ನುತ್ತಿದೆ. ತುಕ್ಕು ಹಿಡಿದರೂ ಸರಿ, ಮಗಳ ಕೈಗೆ ಬರಬಾರದು. ಅಷ್ಟೇ ತಾನೇ?

ಅರ್ಲೀನ್

* * *

ರೆನೋವೊ
7 ಡಿಸೆಂಬರ್ 1986

ಅಪ್ಪಾ,

ಮೂರು ವಾರವಾಯಿತು, ಉತ್ತರವಿಲ್ಲ. ಬಿರುಸಾಗಿ ಬರೆದುಬಿಟ್ಟೆ. ಆದರೆ ಬರೆದದ್ದು ಸುಳ್ಳಲ್ಲ.

ಜಿಂಕೆ ಬೇಟೆಯ ಮೊದಲ ಸೋಮವಾರ ಶಾಲೆಗೆ ರಜ ಇತ್ತು, ಬಸ್ಸಿಗೂ ರಜ. ಎಲ್ವಿನ್ ಮಾಮನ ಹಳೆಯ ಬಲಗೈ ಕೋವಿ ಕೇಳಿ ತಂದು ಹಿತ್ತಿಲಲ್ಲಿ ಹೊಡೆದು ನೋಡಿದೆ. ನೀವು ಹೇಳಿದ್ದು ನಿಜ, ಬೆಂಕಿ ಮುಖಕ್ಕೇ ಬಂತು. ಹುಬ್ಬು ಸುಟ್ಟಿದೆ, ಕೆನ್ನೆಯ ಮೇಲೆ ಎರಡು ಬೊಬ್ಬೆ. ಶಾಲೆಯ ಮಕ್ಕಳು "ಮಿಸ್, ಒಲೆಗೆ ತಲೆ ಹಾಕಿದ್ರಾ?" ಅಂತ ನಗುತ್ತಿವೆ. ಅಭ್ಯಾಸವಾದರೆ ಸರಿಹೋಗುತ್ತದೆ. ಇಪ್ಪತ್ತಾರಕ್ಕೆ ಇದನ್ನೇ ಹಿಡಿದು ಹೋಗುತ್ತೇನೆ.

ಅರ್ಲೀನ್

* * *

ಫ್ಲಾರಿಡಾ
19 ಡಿಸೆಂಬರ್ 1986

ಮಗಳೇ,

ಆ ಕೋವಿ ಮುಟ್ಟಬೇಡ. ಕಣ್ಣು ಹೋದೀತು. ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು, ಬರೆಯಲು ಕೂತು ಕೂತು ಏಳುತ್ತಿದ್ದೇನೆ. ವಾರೆನ್‌ನ ಕೋವಿಯನ್ನೂ ಮುಟ್ಟಬೇಡ. ನೀನು ಹೆಣ್ಣು ಅಂತ ಅಲ್ಲ, ಮಗಳೇ. ಅಂಗಡಿಯವನು ಎದ್ದು ನಿಂತ ಅಂತ ಬರೆದೆಯಲ್ಲ, ಅವತ್ತು ಅದನ್ನು ನಿಮ್ಮತ್ತೆಗೆ ಎರಡು ಸಲ ಓದಿ ಹೇಳಿದೆ. ಆ ಕೋವಿ ಸರಿಯಿಲ್ಲ. ಸರಿಯಿಲ್ಲದಂತೆ ಮಾಡಿದವನು ನಾನು.

ಎಡಗೈಗೆ ನಾನು ಮಾಡಿದ್ದು ಅದೊಂದೇ. ಪ್ರತಿ ಅಳತೆಯನ್ನೂ ತಿರುವಿ ಹಾಕಬೇಕು. ಅವನ ಹುಟ್ಟುಹಬ್ಬ ಹತ್ತಿರ ಬಂದಿತ್ತು, ನನಗೆ ಆತುರ. ಬೆಂಕಿತೂತು ಕೊರೆದ ಮೇಲೆ ನೋಡಿದರೆ ಬಟ್ಟಲಿನ ತಳಕ್ಕೆ ಇಳಿದಿತ್ತು. ಅರ್ಧ ಅಕ್ಕಿಕಾಳಿನಷ್ಟು. ಅಷ್ಟು ಇಳಿದರೆ ಮದ್ದು ತೂತಿನೊಳಗೆ ತುಂಬಿಕೊಂಡು ಪಟಾಕಿಯ ಬತ್ತಿಯಂತೆ ಉರಿದು ಆಮೇಲೆ ಒಳಕ್ಕೆ ಹೋಗುತ್ತದೆ. ನಳಿಗೆ ಬದಲಾಯಿಸಬೇಕಿತ್ತು. ಆಮೇಲೆ ಮಾಡೋಣ ಅಂದುಕೊಂಡೆ. ನಲವತ್ತು ಕೋವಿ ಮಾಡಿದವನು ತಪ್ಪು ಮಾಡಿದೆ ಅಂತ ಮಗನ ಮುಂದೆ ಹೇಗೆ ಹೇಳಲಿ?

ಇಪ್ಪತ್ತೊಂಬತ್ತನೇ ತಾರೀಕು ನಾನು ಅವನ ಹಿಂದೆ ಮೂವತ್ತು ಹೆಜ್ಜೆಯಲ್ಲಿದ್ದೆ. ದೊಡ್ಡ ಗಂಡು ಜಿಂಕೆ, ಅಡ್ಡ ನಿಂತಿತ್ತು. ಕಲ್ಲು ಬಡಿದದ್ದು ಕೇಳಿತು, ಆಮೇಲೆ ಸುಯ್ ಅಂತ ಉರಿದದ್ದು ಕೇಳಿತು, ಆಮೇಲೆ ಗುಂಡಿನ ಸದ್ದು. ಅಷ್ಟರಲ್ಲಿ ಜಿಂಕೆ ಹಾರಿತ್ತು. ಬಿಡಾರಕ್ಕೆ ಬಂದಾಗ ಎಲ್ವಿನ್, "ಏನಯ್ಯಾ ವಾರೆನ್, ಕೋವಿ ತಡ ಮಾಡ್ತಾ?" ಅಂತ ಕೇಳಿದ. ಕೇಳಿದ್ದು ಅವನನ್ನು. ನಾನು ನಡುವೆ ಬಾಯಿ ಹಾಕಿ, "ನನ್ನ ಕೋವಿ ತಡ ಮಾಡಲ್ಲ ಕಣೋ, ಹಿಡಿದ ಕೈ ತಡ ಮಾಡುತ್ತೆ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ವಾರೆನ್ ನನ್ನ ಮುಖ ನೋಡಿದ. ಒಂದು ಗಳಿಗೆ ನೋಡಿದ. ಆಮೇಲೆ ತಾನೇ ಅಂಗಿಯ ಚುಂಗು ಎಳೆದು ಹಿಡಿದು, "ಕತ್ತರಿಸಪ್ಪ" ಅಂದ. ಕತ್ತರಿಸಿದೆ.

ಮಾರನೆಯ ದಿನ ನಾನು ಏಳುವ ಮೊದಲೇ ಒಬ್ಬನೇ ಹೋಗಿದ್ದ. ಬೀವರ್ ಪ್ರಾಣಿಗಳು ತೊರೆಗೆ ಅಡ್ಡ ಕಟ್ಟಿದ ಹೊಂಡದ ದಡದಲ್ಲಿ ಕೋವಿಯನ್ನು ಮರಕ್ಕೆ ಒರಗಿಸಿ, ಹಿಮಗಡ್ಡೆ ತಡೆಯುತ್ತದೋ ಇಲ್ಲವೋ ಅಂತ ಕೋಲಿನಿಂದ ಕುಟ್ಟುತ್ತಾ ಹೆಜ್ಜೆ ಇಟ್ಟಿದ್ದಾನೆ. ಅಷ್ಟು ಜಾಗರೂಕ. ತಡೆಯಲಿಲ್ಲ.

ತನ್ನ ಕೈಯೇ ಕೆಟ್ಟದ್ದು ಅಂತ ನಂಬಿಕೊಂಡು ನನ್ನ ಮಗ ಸತ್ತ. ಆ ನಂಬಿಕೆ ತಪ್ಪು ಅಂತ ಗೊತ್ತಿದ್ದವನು ನಾನೊಬ್ಬನೇ. ಅದಕ್ಕೇ ಆ ಊರಿನಲ್ಲಿ ಇರಲಾಗಲಿಲ್ಲ. ಈಗ ನಿನಗೂ ಗೊತ್ತಾಯಿತು. ಏನು ಬೇಕಾದರೂ ಬೈದು ಬರಿ. ಆದರೆ ಎರಡು ಕೋವಿಯನ್ನೂ ಮುಟ್ಟಬೇಡ.

ಅಪ್ಪ

* * *

ಬೇಟೆ ಬಿಡಾರ
27 ಡಿಸೆಂಬರ್ 1986

ಅಪ್ಪಾ,

ನಿಮ್ಮಿಂದ ಕಾಗದ ಬರಲಿಲ್ಲ. ಹಬ್ಬದ ಟಪಾಲು ಎಲ್ಲೋ ಸಿಕ್ಕಿಬಿದ್ದಿರಬೇಕು, ಇಲ್ಲ ನಿಮಗೆ ಬರೆಯುವ ಮನಸ್ಸಿಲ್ಲ. ಕೇಳದೆ ಒಂದು ಕೆಲಸ ಮಾಡಿದ್ದೇನೆ. ನಿನ್ನೆ ವಾರೆನ್‌ನ ಕೋವಿ ಕೆಳಗಿಳಿಸಿದೆ. ಎಲ್ವಿನ್ ಮಾಮ ಬೇಡ ಅನ್ನಲಿಲ್ಲ. "ಆರು ವರ್ಷದಿಂದ ಅದರ ಕೆಳಗೆ ತಲೆ ತಗ್ಗಿಸ್ಕೊಂಡು ಓಡಾಡ್ತಿದೀವಿ. ತೆಗಿ" ಅಂದರು.

ನೀವು ಹೇಳಿಕೊಟ್ಟಂತೆ ಮೊದಲು ಗಜದ ಕೋಲು ಇಳಿಸಿದೆ. ಕೋಲಿನ ಮೇಲೆ ವಾರೆನ್ ಚಾಕುವಿನಲ್ಲಿ ಕೊರೆದ ಎರಡು ಗೀಟು ಇವೆ. ಖಾಲಿಯ ಗೀಟಿನವರೆಗೆ ಇಳಿಯಲಿಲ್ಲ. ತುಂಬಿದ ಗೀಟಿಗೆ ಸರಿಯಾಗಿ ನಿಂತಿತು. ಅಪ್ಪಾ, ಅವನು ಆ ಬೆಳಿಗ್ಗೆ ತುಂಬಿದ ಗುಂಡು ಇನ್ನೂ ಒಳಗೇ ಇದೆ. ನೀವೆಲ್ಲ ಹೊಂಡದ ದಡದಿಂದ ಕೋವಿಯನ್ನು ತಂದು ಹಾಗೇ ತೂಗುಹಾಕಿದ್ದೀರಿ. ಯಾರೂ ನೋಡಿಲ್ಲ.

ಕುದುರೆ, ಬಟ್ಟಲು ಇರುವ ಕಿಡಿ ಯಂತ್ರದ ಮೇಲೆ ಅವನು ಕಟ್ಟಿದ್ದ ಚರ್ಮದ ಮುಸುಕು ಹಾಗೇ ಇತ್ತು. ಬಿಚ್ಚಲು ಮನಸ್ಸು ಬರಲಿಲ್ಲ, ಗಂಟು ಅವನ ಕೈಯದು. ಕೊನೆಗೆ ಬಿಚ್ಚಿದೆ. ಬಟ್ಟಲಿನಲ್ಲಿ ಮದ್ದು ಇರಲಿಲ್ಲ, ಹಿಮಗಡ್ಡೆಗೆ ಇಳಿಯುವ ಮೊದಲು ಚೆಲ್ಲಿದ್ದಾನೆ. ಆದರೆ ಬೆಂಕಿತೂತಿನಲ್ಲಿ ಒಂದು ಗರಿ ಇತ್ತು. ಕಾಡುಕೋಳಿಯದು. ದಂಟನ್ನು ಹೆರೆದು, ತೂತಿಗೆ ಸರಿಯಾಗಿ ನಯ ಮಾಡಿದ್ದಾನೆ. ಬಟ್ಟಲಿನ ಮದ್ದು ಚೆಲ್ಲಿದ ಮೇಲೆ ಮತ್ತೆ ಸಿಕ್ಕಿಸಿರಬೇಕು.

ನನಗೆ ಅರ್ಥವಾಗದ್ದು ಇದು. ಗರಿ ಇಡುವುದು ಮಾಡಿದವನ ಮುಖಕ್ಕೆ ಉಗಿದ ಹಾಗೆ ಅಂತ ನೀವೇ ಬರೆದಿದ್ದಿರಿ. ವಾರೆನ್ ನಿಮಗೆ ಹಾಗೆ ಮಾಡುವವನಲ್ಲ. ಮತ್ತೆ ಯಾಕೆ ಇಟ್ಟ? ಎಲ್ವಿನ್ ಮಾಮನನ್ನು ಕೇಳಿದರೆ ಮುಖ ಆ ಕಡೆ ತಿರುಗಿಸಿ, "ನಿಮ್ಮಪ್ಪನ್ನೇ ಕೇಳಮ್ಮ" ಅಂದರು.

ಗುಂಡು ಹಾಗೇ ಇದೆ. ಏನು ಮಾಡಲಿ?

ಅರ್ಲೀನ್

* * *

ರೆನೋವೊ
31 ಡಿಸೆಂಬರ್ 1986

ಅಪ್ಪಾ,

ಮೊನ್ನೆ ಮನೆಗೆ ಬಂದಾಗ ನಿನ್ನ ಕಾಗದ ಬಾಗಿಲಲ್ಲಿ ಬಿದ್ದಿತ್ತು. ಕೋಟು ಕೂಡ ಬಿಚ್ಚದೆ ನಿಂತಲ್ಲೇ ಓದಿದೆ.

ಅವನಿಗೆ ಗೊತ್ತಿತ್ತು ಅಪ್ಪ. ಕೋವಿ ತಡ ಮಾಡುತ್ತದೆ ಅಂತ ಗೊತ್ತಿತ್ತು, ಯಾಕೆ ತಡ ಮಾಡುತ್ತದೆ ಅಂತಲೂ ಗೊತ್ತಿತ್ತು. ಎಲ್ವಿನ್ ಮಾಮ ಈಗ ಬಾಯಿ ಬಿಟ್ಟಿದ್ದಾರೆ. ಚುಂಗು ಕತ್ತರಿಸಿದ ಮೇಲೆ ವಾರೆನ್ ಕಟ್ಟಿಗೆ ತರುವ ನೆಪದಲ್ಲಿ ಆಚೆ ಹೋಗಿ, ಅವರ ಟೋಪಿಯಲ್ಲಿದ್ದ ಗರಿ ಕೇಳಿ ಈಸಿಕೊಂಡನಂತೆ. "ಅಪ್ಪನಿಗೆ ಹೇಳ್ಬೇಡಿ ಮಾಮ, ನೊಂದ್ಕೋತಾನೆ" ಅಂದನಂತೆ. ಮಾಮ ಈ ಮಾತನ್ನು ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಾರೆ. ಅವನು ಸತ್ತ ಮೇಲೆ ಹೇಳಿದರೆ ನೀನು ಉಳಿಯುವುದಿಲ್ಲ ಅಂತ ಹೆದರಿ ಹೇಳಲಿಲ್ಲವಂತೆ.

ನಿನ್ನೆ ಅವನು ಹೋದ ದಿನ. ನಾನೂ ಮಾಮನೂ ಹೊಂಡದ ದಡಕ್ಕೆ ಹೋದೆವು. "ಹಳೇ ಮದ್ದು ಕಣಮ್ಮ, ಹುಷಾರು" ಅಂತ ಮಾಮ ಗೊಣಗುತ್ತಲೇ ಇದ್ದರು. ಗರಿ ಕಿತ್ತೆ. ಬಟ್ಟಲಿಗೆ ಮದ್ದು ಹಾಕಿ, ಎಡಭುಜಕ್ಕೆ ಇಟ್ಟು, ಎದುರು ದಿಬ್ಬದ ಮಣ್ಣಿಗೆ ಹೊಡೆದೆ. ಕಲ್ಲು ಬಡಿದದ್ದೂ ಗುಂಡು ಹಾರಿದ್ದೂ ಒಂದೇ ಆಗಿತ್ತು. ಚೂರೂ ತಡವಿಲ್ಲ. ಆ ಬೆಳಿಗ್ಗೆ ಜಿಂಕೆ ಸಿಕ್ಕಿದ್ದರೆ ಅವನ ಗುರಿ ತಪ್ಪುತ್ತಿರಲಿಲ್ಲ. ಹೊಗೆ ಹೋಗುವವರೆಗೂ ಅಲ್ಲೇ ಕೂತು ಅತ್ತೆ. ಮಾಮನೂ ಅತ್ತರು.

ನಿನ್ನ ಮೇಲೆ ಸಿಟ್ಟು ಬಂದಿದೆ. ಇನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅವನು ತನ್ನ ಕೈ ಕೆಟ್ಟದ್ದು ಅಂತ ನಂಬಿಕೊಂಡು ಸಾಯಲಿಲ್ಲ. ಅದನ್ನು ನಿನಗೆ ಹೇಳದೆ ಇರಲಾರೆ. ಗರಿ ಈ ಲಕೋಟೆಯಲ್ಲಿದೆ.

ನಾಳೆ ಹೊಸವರ್ಷಕ್ಕೆ ಹಂದಿಮಾಂಸ, ಹುಳಿಕೋಸು ಬೇಯಿಸಬೇಕು. ಒಬ್ಬಳಿಗೆ ಎಷ್ಟು ಅಂತ ಬೇಯಿಸುವುದು.

ಅರ್ಲೀನ್

* * *

ಫ್ಲಾರಿಡಾ
9 ಜನವರಿ 1987

ಮಗಳೇ,

ಗರಿ ಕೈಗೆ ಬಂತು. ಬಹಳ ಚೊಕ್ಕವಾಗಿ ಹೆರೆದಿದ್ದಾನೆ. ಚಾಕು ಹಿಡಿಯುವುದನ್ನು ನಾನೇ ಕಲಿಸಿದ್ದು.

ಅವತ್ತು ಒಂದು ಗಳಿಗೆ ನನ್ನ ಮುಖ ನೋಡಿದ ಅಂತ ಬರೆದಿದ್ದೆನಲ್ಲ. ಈ ಆರು ವರ್ಷ, ನಾಚಿಕೆಯಿಂದ ನೋಡಿದ ಅಂದುಕೊಂಡಿದ್ದೆ. ಅಲ್ಲ, ನಾನು ಬಾಯಿ ಬಿಡುತ್ತೇನೋ ಅಂತ ಕಾಯುತ್ತಿದ್ದ. ನಾನು ಬಿಡಲಿಲ್ಲ. ಅಷ್ಟು ಜನರ ಮುಂದೆ ನನ್ನ ಮಾನ ಹೋಗಬಾರದು ಅಂತ ತನ್ನ ಅಂಗಿ ಕೊಟ್ಟ. ಇದನ್ನು ತಿಳಿದು ನನಗೆ ಸಮಾಧಾನವಾಗಬೇಕಿತ್ತು, ಸಂಕಟ ಹೆಚ್ಚಾಯಿತು. ನಿಮ್ಮತ್ತೆ ಎರಡು ದಿನದಿಂದ ನನ್ನನ್ನು ಮಾತಾಡಿಸಲು ಹೆದರುತ್ತಿದ್ದಾಳೆ.

ಜೊತೆಯಲ್ಲಿ ಒಂದು ಬಟ್ಟೆಯ ತುಂಡು ಇದೆ. ಬಿಳಿ, ಕಂದು ಗೆರೆಯದು. ನಾನು ತೊಟ್ಟಿದ್ದ ಅಂಗಿಯದೇ ಚುಂಗು, ನಿನ್ನೆ ಕತ್ತರಿಸಿದೆ. ಕೈ ನಡುಗಿ ಅಂಕುಡೊಂಕಾಗಿದೆ. ವಾರೆನ್‌ದನ್ನು ಗೋಡೆಯಿಂದ ತೆಗೆದು ನೀನು ಇಟ್ಟುಕೋ. ಆ ಮೊಳೆಗೆ ಇದನ್ನು ಹೊಡೆ. ನನ್ನ ಹೆಸರು ಬರಿ. ತಾರೀಕು ಅದೇ ಇರಲಿ, 29 ಡಿಸೆಂಬರ್ 1980. ಎಲ್ಲರೂ ಇರುವಾಗ ಹೊಡೆ, ಎಲ್ವಿನ್ ಸುತ್ತಿಗೆ ಹಿಡಿಯಲಿ.

ಕೋವಿ ನಿನ್ನದು. ಮೊದಲೇ ಕೊಡಬೇಕಿತ್ತು. ನಿನಗೆ ಹನ್ನೆರಡು ತುಂಬಿದಾಗಲೇ ಒಂದು ಮಾಡಿಕೊಡಬೇಕಿತ್ತು. ಬಂದು ಬೆಂಕಿತೂತು ಸರಿಮಾಡಿಕೊಡಲೇ ಅಂತ ಯೋಚಿಸಿದೆ. ಈ ಕೈಯಲ್ಲಿ ಇನ್ನು ಆಗುವ ಕೆಲಸವಲ್ಲ. ಬೇರೆಯವರಿಂದಲೂ ಸರಿಮಾಡಿಸಬೇಡ, ಹಾಗೇ ಇರಲಿ. ಅವನ ಗರಿಯನ್ನು ವಾಪಸ್ಸು ಕಳಿಸಿದ್ದೇನೆ, ಅದನ್ನೇ ಸಿಕ್ಕಿಸಿಕೊಂಡು ಮದ್ದು ತುಂಬು.

ನಾಲ್ಕು ಜನರ ನಡುವೆ ತುಂಬುವಾಗ ಯಾರಾದರೂ ಗರಿಯನ್ನು ನೋಡಿ ನಗುತ್ತಾರೆ, ಯಾರಮ್ಮ ಈ ಕೋವಿ ಮಾಡಿದ್ದು ಅಂತ ಕೇಳುತ್ತಾರೆ. ನನ್ನ ಹೆಸರು ಹೇಳು.

ಅಪ್ಪ